ಪದವಿ ಓದುತ್ತಲೇ ಸೇನಾಧಿಕಾರಿಯಾಗುವ ದಾರಿ: ಮೊದಲ ವರ್ಷದಿಂದಲೇ ಶುರುವಾಗುವ ಲೆಕ್ಕ

ಪದವಿ ಕಾಲೇಜುಗಳ ಪ್ರವೇಶ ಆರಂಭವಾಗುವ ಹೊತ್ತಿಗೆ ಮಲೆನಾಡಿನಲ್ಲಿ ಮುಂಗಾರು ಹಿಡಿದಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಶಿವಮೊಗ್ಗಕ್ಕೆ ಬರುವ ವಿದ್ಯಾರ್ಥಿಗಳೂ ಅವರ ಮನೆಯವರೂ ಹಾಸ್ಟೆಲ್, ಶುಲ್ಕ, ಬಸ್ ಪಾಸ್, ಯಾವ ವಿಷಯ ತೆಗೆದುಕೊಂಡರೆ ಮುಂದೆ ಕೆಲಸ ಸಿಗುತ್ತದೆ ಎಂಬುದನ್ನೆಲ್ಲ ವಿಚಾರಿಸುತ್ತಾರೆ. ‘ಈ ಕಾಲೇಜಿನಲ್ಲಿ ಎನ್‌ಸಿಸಿ ಇದೆಯೇ?’ ಎಂದು ಕೇಳುವವರು ಮಾತ್ರ ತೀರಾ ಕಡಿಮೆ. ಅವರಲ್ಲೇ ಒಬ್ಬರು ಮೂರು ವರ್ಷ ಕಳೆದ ಮೇಲೆ ಸೇನಾಧಿಕಾರಿಯಾಗಬೇಕೆಂದು ಬಯಸಿ ಅರ್ಹತೆಗಳನ್ನು ಓದಿ ನೋಡಿದಾಗ, ತಮಗೆ ಅತ್ಯಂತ ಹತ್ತಿರವಿದ್ದ ಒಂದು ಬಾಗಿಲು ಮೊದಲ ವರ್ಷದ ಮೊದಲ ಕೆಲವು ವಾರಗಳಲ್ಲೇ ಮುಚ್ಚಿಹೋಗಿತ್ತು ಎಂಬುದು ತಿಳಿಯುತ್ತದೆ. ಅಂಥ ವಿದ್ಯಾರ್ಥಿಗಳಿಗೆ ಬುದ್ಧಿಯೋ ಧೈರ್ಯವೋ ಕಡಿಮೆಯಿರಲಿಲ್ಲ. ಸರಿಯಾದ ಹೊತ್ತಿನಲ್ಲಿ ಮಾಹಿತಿ ಸಿಗಲಿಲ್ಲ, ಅಷ್ಟೆ.

ನಮ್ಮದೇ ರಾಜ್ಯದ ಕೊಡಗಿನಲ್ಲಿ ಈ ಮಾಹಿತಿ ಅನೇಕ ಮನೆಗಳಲ್ಲಿ ಮನೆಯೊಳಗೇ ಇರುತ್ತದೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡ ಕೆ. ಎಂ. ಕಾರ್ಯಪ್ಪನವರು ಕೊಡಗಿನವರು, ಆ ದಿನವನ್ನೇ ದೇಶ ಇಂದಿಗೂ ಸೇನಾ ದಿನವಾಗಿ ಆಚರಿಸುತ್ತದೆ. ಜನರಲ್ ತಿಮ್ಮಯ್ಯನವರೂ ಅದೇ ನೆಲದವರು. ಅಲ್ಲಿನ ಹುಡುಗನೊಬ್ಬನಿಗೆ ಕೇಳಿ ತಿಳಿಯಲು ದೊಡ್ಡಪ್ಪನೋ ಮಾವನೋ ಇರುವ ಸಂಭವ ಹೆಚ್ಚು. ಅಡಿಕೆ ತೋಟ, ಗದ್ದೆ, ಅಂಗಡಿ, ಶಾಲಾ ಶಿಕ್ಷಕ ವೃತ್ತಿಗಳ ನಡುವೆ ಬೆಳೆದ ಶಿವಮೊಗ್ಗ ಜಿಲ್ಲೆಯ ವಿದ್ಯಾರ್ಥಿಗೆ ಹಾಗೆ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದಿರಬಹುದು. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲೆಂದು ಈ ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬಿಡಿಸಬೇಕಾದ ಗೊಂದಲ

‘ಸೈನ್ಯಕ್ಕೆ ಸೇರುವುದು’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಬೆಳಗಿನ ಜಾವ ಶಿವಮೊಗ್ಗದ ನೆಹರು ಕ್ರೀಡಾಂಗಣದಲ್ಲಿ ಗಡಿಯಾರ ನೋಡಿಕೊಂಡು ಓಡುವ ಅನೇಕ ಯುವಕರು ಸಿದ್ಧರಾಗುತ್ತಿರುವುದು ಅಗ್ನಿವೀರರ ನೇಮಕಾತಿಗೆ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಡಿ ಸೈನಿಕರಾಗಿ ನಾಲ್ಕು ವರ್ಷಗಳ ಅವಧಿಗೆ ಸೇರುವ ದಾರಿ ಅದು. ಎರಡನೆಯದು ಎನ್‌ಸಿಸಿ, ಅಂದರೆ 1948ರ ಕಾಯ್ದೆಯೊಂದರ ಅಡಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೆಡೆಟ್ ದಳ. ಇದು ವಿದ್ಯಾರ್ಥಿಗಳ ಸಂಘಟನೆಯೇ ಹೊರತು ಸೈನ್ಯವಲ್ಲ, ಉದ್ಯೋಗವೂ ಅಲ್ಲ. ಮೂರನೆಯದು ಅಧಿಕಾರಿಯಾಗಿ ಸೇರುವುದು, ಅಂದರೆ ರಾಷ್ಟ್ರಪತಿಯವರ ಹೆಸರಿನಲ್ಲಿ ನೀಡುವ ಕಮಿಷನ್ ಎಂಬ ಅಧಿಕಾರಪತ್ರ ಪಡೆದು ಲೆಫ್ಟಿನೆಂಟ್ ಹುದ್ದೆಯಿಂದ ಸೇವೆ ಆರಂಭಿಸುವುದು. ನೌಕಾಪಡೆಯಲ್ಲಿ ಆ ಮೊದಲ ಹುದ್ದೆಗೆ ಸಬ್ ಲೆಫ್ಟಿನೆಂಟ್ ಎಂದೂ ವಾಯುಪಡೆಯಲ್ಲಿ ಫ್ಲೈಯಿಂಗ್ ಆಫೀಸರ್ ಎಂದೂ ಹೆಸರು. ಈ ಲೇಖನದ ವಿಷಯ ಮೂರನೆಯದು; ಎರಡನೆಯದು ಅದಕ್ಕೆ ಹೇಗೆ ನೆರವಾಗುತ್ತದೆ ಎಂಬುದು ಅದರ ಮುಖ್ಯ ಭಾಗ.

ಅಮೆರಿಕದಂಥ ದೇಶಗಳಲ್ಲಿ ಕಾಲೇಜಿನೊಳಗೇ ಅಧಿಕಾರಿ ತರಬೇತಿ ನಡೆದು, ಪದವಿಯ ಜೊತೆಯಲ್ಲೇ ಕಮಿಷನ್ ದೊರೆಯುವ ವ್ಯವಸ್ಥೆ ಇದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಕಾಲೇಜಿನಲ್ಲಿ ಸಿಗುವುದು ಸಿದ್ಧತೆ ಮತ್ತು ಅರ್ಹತೆ ಮಾತ್ರ. ಆಯ್ಕೆ ಬೇರೆಡೆ ನಡೆಯುತ್ತದೆ, ನಿಜವಾದ ಅಧಿಕಾರಿ ತರಬೇತಿ ಪದವಿಯ ನಂತರ ಅಕಾಡೆಮಿಯಲ್ಲಿ ನಡೆಯುತ್ತದೆ. ಎನ್‌ಸಿಸಿ ಸೇರಿದರೆ ಅಧಿಕಾರಿಯಾದಂತೆ ಎಂಬ ಭ್ರಮೆಯೂ, ಎನ್‌ಸಿಸಿ ಎಂದರೆ ಆಗಸ್ಟ್ 15ರ ಪರೇಡ್ ಮತ್ತು ತಿಂಡಿಯ ಪೊಟ್ಟಣ ಎಂಬ ತಾತ್ಸಾರವೂ ಒಂದೇ ಅಜ್ಞಾನದಿಂದ ಹುಟ್ಟಿದವು.

ಎನ್‌ಸಿಸಿ ಎಂಬ ಮೂರು ವರ್ಷಗಳ ಲೆಕ್ಕ

ಹೈಸ್ಕೂಲಿನ ಕೆಡೆಟ್‌ಗಳು ಜೂನಿಯರ್ ವಿಭಾಗಕ್ಕೆ ಸೇರುತ್ತಾರೆ ಮತ್ತು ಅಲ್ಲಿ ‘ಎ’ ಪ್ರಮಾಣಪತ್ರದ ಪರೀಕ್ಷೆ ಬರೆಯುತ್ತಾರೆ. ಕಾಲೇಜಿನಲ್ಲಿ ಹುಡುಗರಿಗೆ ಸೀನಿಯರ್ ಡಿವಿಷನ್, ಹುಡುಗಿಯರಿಗೆ ಸೀನಿಯರ್ ವಿಂಗ್ ಇರುತ್ತದೆ. ಇಲ್ಲಿ ಎರಡನೆಯ ವರ್ಷದಲ್ಲಿ ‘ಬಿ’ ಪ್ರಮಾಣಪತ್ರದ ಪರೀಕ್ಷೆ, ಮೂರನೆಯ ವರ್ಷದಲ್ಲಿ ‘ಸಿ’ ಪ್ರಮಾಣಪತ್ರದ ಪರೀಕ್ಷೆ ನಡೆಯುತ್ತವೆ. ಪರೀಕ್ಷೆಗೆ ಕೂರಬೇಕಾದರೆ ಪರೇಡ್‌ಗಳಲ್ಲಿ ಶೇಕಡ 75ರಷ್ಟು ಹಾಜರಾತಿ ಇರಬೇಕು ಮತ್ತು ವಾರ್ಷಿಕ ತರಬೇತಿ ಶಿಬಿರಗಳಲ್ಲಿ ಭಾಗವಹಿಸಿರಬೇಕು. ಅಧಿಕಾರಿಯಾಗುವ ದಾರಿಯಲ್ಲಿ ಬೆಲೆ ಬಾಳುವುದು ಈ ‘ಸಿ’ ಪ್ರಮಾಣಪತ್ರ. ಅದು ಮೂರು ವರ್ಷಗಳ ಫಲ. ಮೂರು ವರ್ಷಗಳ ಪದವಿಯಲ್ಲಿ ಅದನ್ನು ಪಡೆಯಬೇಕಾದರೆ ಮೊದಲ ವರ್ಷದಲ್ಲೇ ಸೇರಬೇಕು. ಎರಡನೆಯ ವರ್ಷದಲ್ಲಿ ಮನಸ್ಸು ಬದಲಾದವರಿಗೆ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ಮಾತನ್ನು ಪ್ರವೇಶಕ್ಕೆ ಮೊದಲೇ ತಿಳಿದಿರಬೇಕು. ಎನ್‌ಸಿಸಿ ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ. ಇರುವಲ್ಲಿಯೂ ಪ್ರತಿ ವರ್ಷ ತೆಗೆದುಕೊಳ್ಳುವ ಕೆಡೆಟ್‌ಗಳ ಸಂಖ್ಯೆ ನಿಗದಿಯಾಗಿರುತ್ತದೆ. ಶಿವಮೊಗ್ಗದಲ್ಲಿ ಎನ್‌ಸಿಸಿ ಬೆಟಾಲಿಯನ್ ಇದೆ, ಸುತ್ತಲಿನ ಕಾಲೇಜುಗಳ ಘಟಕಗಳು ಅದರ ಅಡಿಯಲ್ಲಿ ನಡೆಯುತ್ತವೆ. ಆದ್ದರಿಂದ ಕಾಲೇಜು ಆರಿಸಿಕೊಳ್ಳುವಾಗಲೇ ಅಲ್ಲಿ ಘಟಕವಿದೆಯೇ, ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆಯೇ, ಭರ್ತಿ ಯಾವ ದಿನ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಭರ್ತಿಯ ದಿನ ಓಟ, ಎತ್ತರ, ಆರೋಗ್ಯ ನೋಡುತ್ತಾರೆ. ಕೆಲವೆಡೆ ಚಿಕ್ಕ ಸಂದರ್ಶನವೂ ಇರುತ್ತದೆ. ಆ ದಿನ ಊರಿಗೆ ಹೋಗಿದ್ದವರಿಗೆ ಮತ್ತೊಂದು ದಿನ ಸಿಗದೇ ಹೋಗಬಹುದು.

ಒಳಗೆ ಏನು ಕಲಿಸುತ್ತಾರೆ? ಸೇನೆಯಿಂದಲೇ ನಿಯೋಜಿತರಾಗಿ ಬಂದ ಬೋಧಕ ಸಿಬ್ಬಂದಿ ಡ್ರಿಲ್ ಕಲಿಸುತ್ತಾರೆ. ಅವರನ್ನು ಕೆಡೆಟ್‌ಗಳು ‘ಉಸ್ತಾದ್’ ಎಂದು ಕರೆಯುವುದುಂಟು. ‘ಸಾವಧಾನ್’, ‘ವಿಶ್ರಾಮ್’ ಎಂಬ ಹಿಂದಿ ಆದೇಶಗಳು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೂ ಎರಡೇ ವಾರಗಳಲ್ಲಿ ರೂಢಿಯಾಗುತ್ತವೆ. ಶಸ್ತ್ರಾಭ್ಯಾಸ, ನಕ್ಷೆ ಓದುವುದು, ದಿಕ್ಸೂಚಿ ಬಳಸುವುದು, ಪ್ರಥಮ ಚಿಕಿತ್ಸೆ, ಶಿಬಿರಗಳಲ್ಲಿ .22 ರೈಫಲ್‌ನಿಂದ ಗುರಿ ಹೊಡೆಯುವುದು ಪಠ್ಯದ ಭಾಗಗಳು. ಕಾಲೇಜಿನ ಉಪನ್ಯಾಸಕರೊಬ್ಬರು ತರಬೇತಿ ಪಡೆದು ಘಟಕದ ಎನ್‌ಸಿಸಿ ಅಧಿಕಾರಿಯಾಗಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಹೆಚ್ಚಿನ ಲಾಭ ಶಿಬಿರಗಳಿಂದಲೇ ಸಿಗುತ್ತದೆ: ಬೇರೆ ಜಿಲ್ಲೆ, ಬೇರೆ ರಾಜ್ಯಗಳ ಅಪರಿಚಿತರೊಡನೆ ಹತ್ತು ದಿನ ಒಂದೇ ಡೇರೆಯಲ್ಲಿ ಬದುಕುವ ಅನುಭವ, ಮುಂದೆ ಆಯ್ಕೆ ಮಂಡಳಿಯ ಎದುರು ಕುಳಿತಾಗ ಯಾವ ಪುಸ್ತಕವೂ ಕೊಡಲಾಗದ ನಿರಾಳತೆಯನ್ನು ಕೊಡುತ್ತದೆ.

ಮನೆಯ ಹಿರಿಯರಲ್ಲಿ, ಅದರಲ್ಲೂ ಅಜ್ಜಿಯರಲ್ಲಿ, ಇರುವ ಒಂದು ಭಯಕ್ಕೆ ನೇರ ಉತ್ತರ ಹೇಳಬೇಕು. ಎನ್‌ಸಿಸಿ ಸೇರಿದ ಮಾತ್ರಕ್ಕೆ ಯುದ್ಧಕ್ಕೆ ಕರೆಯುವುದಿಲ್ಲ, ಸೈನ್ಯಕ್ಕೆ ಸೇರಲೇಬೇಕೆಂಬ ಕರಾರೂ ಇಲ್ಲ. ಕೆಡೆಟ್‌ಗಳಿಗೆ ಸೇನಾ ಸೇವೆಯ ಹೊಣೆ ಇಲ್ಲವೆಂಬುದು ಕಾಯ್ದೆಯಲ್ಲೇ ಇದೆ. ಮೂರು ವರ್ಷ ಮುಗಿಸಿ ಬ್ಯಾಂಕಿಗೋ, ಬೋಧನೆಗೋ, ತೋಟಕ್ಕೋ ಹೋದವರೇ ಹೆಚ್ಚು. ಅದರಲ್ಲಿ ತಪ್ಪೇನೂ ಇಲ್ಲ.

ಬಾಗಿಲುಗಳು ಯಾವುವು

‘ಸಿ’ ಪ್ರಮಾಣಪತ್ರ ಕೈಯಲ್ಲಿದ್ದವರಿಗೆ ತೆರೆಯುವ ಮುಖ್ಯ ಬಾಗಿಲು ಭೂಸೇನೆಯ ‘ಎನ್‌ಸಿಸಿ ವಿಶೇಷ ಪ್ರವೇಶ’. ಇದರ ಹಿರಿಮೆ ಏನೆಂದರೆ ಇಲ್ಲಿ ಲಿಖಿತ ಪರೀಕ್ಷೆಯೇ ಇಲ್ಲ. ವಯಸ್ಸು 19ರಿಂದ 25ರೊಳಗಿರಬೇಕು, ಅವಿವಾಹಿತರಾಗಿರಬೇಕು, ಯಾವುದೇ ವಿಷಯದ ಪದವಿಯಲ್ಲಿ ಒಟ್ಟು ಶೇಕಡ 50 ಅಂಕಗಳಿರಬೇಕು ಮತ್ತು ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಶ್ರೇಣಿ ಬಂದಿರಬೇಕು. ‘ಸಿ’ ಪ್ರಮಾಣಪತ್ರ, ‘ಬಿ’ ಶ್ರೇಣಿ ಎಂಬ ಈ ಎರಡು ಅಕ್ಷರಗಳು ಎಷ್ಟೋ ಜನರನ್ನು ದಾರಿ ತಪ್ಪಿಸುತ್ತವೆ: ಮೊದಲನೆಯದು ಪರೀಕ್ಷೆಯ ಹೆಸರು, ಎರಡನೆಯದು ಆ ಪರೀಕ್ಷೆಯಲ್ಲಿ ಬಂದ ದರ್ಜೆ. ಯುದ್ಧದಲ್ಲಿ ಗಾಯಗೊಂಡ ಅಥವಾ ಮಡಿದ ಸೈನಿಕರ ಮಕ್ಕಳಿಗೆ ಈ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅಧಿಸೂಚನೆ ವರ್ಷಕ್ಕೆ ಎರಡು ಬಾರಿ ಬರುತ್ತದೆ; ಪುರುಷರಿಗೂ ಮಹಿಳೆಯರಿಗೂ ಅವಕಾಶವಿದೆ. ಅಂತಿಮ ವರ್ಷದಲ್ಲಿರುವವರೂ ಹಿಂದಿನ ವರ್ಷಗಳಲ್ಲಿ ಶೇಕಡ 50 ಇದ್ದರೆ ಅರ್ಜಿ ಹಾಕಬಹುದು, ಆದರೆ ನಿಗದಿತ ದಿನಾಂಕದೊಳಗೆ ಪದವಿ ಮುಗಿಸಿದ ಪುರಾವೆ ಕೊಡಬೇಕು.

ಲೆಕ್ಕ ಹಾಕಿ ನೋಡಿ. ಸಾಗರದ ಹುಡುಗಿಯೊಬ್ಬಳು 18ನೆಯ ವಯಸ್ಸಿನಲ್ಲಿ ಬಿ.ಎ.ಗೆ ಸೇರಿ, ಅದೇ ವರ್ಷ ಎನ್‌ಸಿಸಿಗೂ ಸೇರಿದಳೆಂದುಕೊಳ್ಳೋಣ. 21ಕ್ಕೆ ಪದವಿ ಮತ್ತು ‘ಸಿ’ ಪ್ರಮಾಣಪತ್ರ ಎರಡೂ ಕೈಗೆ ಬರುತ್ತವೆ. 25 ತುಂಬುವವರೆಗೆ ವರ್ಷಕ್ಕೆ ಎರಡರಂತೆ ಅವಳಿಗೆ ಏಳೆಂಟು ಅವಕಾಶಗಳು ಇರುತ್ತವೆ. ಮೊದಲ ಸಲ ಆಯ್ಕೆಯಾಗದಿದ್ದರೆ ಬಾಗಿಲು ಮುಚ್ಚಿತೆಂದು ಕೂರುವ ಕಾರಣವಿಲ್ಲ. ಎರಡನೆಯ, ಮೂರನೆಯ, ಐದನೆಯ ಪ್ರಯತ್ನದಲ್ಲಿ ಆಯ್ಕೆಯಾದ ಅಧಿಕಾರಿಗಳು ಸೇನೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಎರಡನೆಯ ಬಾಗಿಲು ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಬಾರಿ ನಡೆಸುವ ಸಂಯುಕ್ತ ರಕ್ಷಣಾ ಸೇವೆಗಳ ಪರೀಕ್ಷೆ. ರೂಢಿಯಲ್ಲಿ ಇದನ್ನು ಸಿಡಿಎಸ್ ಎನ್ನುತ್ತಾರೆ. ಇದಕ್ಕೆ ಎನ್‌ಸಿಸಿ ಬೇಕಿಲ್ಲ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿ, ಕೇರಳದ ಎಳಿಮಲೆಯ ನೌಕಾ ಅಕಾಡೆಮಿ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿ ಬಯಸುವವರು ಇಂಗ್ಲಿಷ್, ಸಾಮಾನ್ಯ ಜ್ಞಾನ, ಪ್ರಾಥಮಿಕ ಗಣಿತ ಎಂಬ ಮೂರು ಪತ್ರಿಕೆಗಳನ್ನು ಬರೆಯಬೇಕು. ಪ್ರತಿಯೊಂದಕ್ಕೂ 100 ಅಂಕ, ಎರಡು ಗಂಟೆ. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯನ್ನು ಮಾತ್ರ ಬಯಸುವವರಿಗೆ ಗಣಿತವಿಲ್ಲ. ಗಣಿತವೆಂದರೆ ಹೆದರುವ ಕಲಾ ವಿಭಾಗದವರು ಇದನ್ನು ನೆನಪಿಡಬೇಕು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಭೂಸೇನಾ ಅಕಾಡೆಮಿಗೆ ಯಾವುದೇ ಪದವಿ ಸಾಕು, ನೌಕಾಪಡೆಗೆ ಎಂಜಿನಿಯರಿಂಗ್ ಬೇಕು, ವಾಯುಪಡೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿದ ಪದವಿ ಅಥವಾ ಎಂಜಿನಿಯರಿಂಗ್ ಬೇಕು. ಈ ಪರೀಕ್ಷೆಯ ಸ್ಥಾನಗಳಲ್ಲಿಯೂ ಒಂದಷ್ಟನ್ನು ‘ಸಿ’ ಪ್ರಮಾಣಪತ್ರ ಹೊಂದಿದವರಿಗೆ ಕಾದಿರಿಸಿರುತ್ತಾರೆ.

ವಾಯುಪಡೆಗೆ ಪ್ರತ್ಯೇಕವಾದ ಎಎಫ್‌ಕ್ಯಾಟ್ ಎಂಬ ಆನ್‌ಲೈನ್ ಪರೀಕ್ಷೆಯೂ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ; ಹಾರಾಟ ವಿಭಾಗಕ್ಕೆ 20ರಿಂದ 24, ನೆಲದ ಕರ್ತವ್ಯಗಳಿಗೆ 20ರಿಂದ 26 ವಯೋಮಿತಿ. ಎನ್‌ಸಿಸಿಯ ವಾಯು ವಿಭಾಗದ ‘ಸಿ’ ಪ್ರಮಾಣಪತ್ರವಿದ್ದರೆ ಹಾರಾಟ ವಿಭಾಗಕ್ಕೆ ಆ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಗೆ ಹೋಗಬಹುದು. ಎಂಜಿನಿಯರಿಂಗ್ ಓದುವವರಿಗೆ ಭೂಸೇನೆಯ ತಾಂತ್ರಿಕ ಪ್ರವೇಶಗಳಿವೆ. ಅವುಗಳಲ್ಲೂ ಲಿಖಿತ ಪರೀಕ್ಷೆ ಇಲ್ಲ, ಎಂಜಿನಿಯರಿಂಗ್‌ನಲ್ಲಿ ಗಳಿಸಿದ ಅಂಕಗಳ ಆಧಾರದ ಮೇಲೆ ಆಯ್ಕೆ ಮಂಡಳಿಗೆ ಕರೆಯುತ್ತಾರೆ, 20ರಿಂದ 27ರ ವಯಸ್ಸಿನವರು ಅರ್ಜಿ ಹಾಕಬಹುದು. ಮೊದಲ ಸೆಮಿಸ್ಟರಿನಿಂದಲೇ ಅಂಕ ಕಾಯ್ದುಕೊಂಡವರಿಗೆ ಇದು ಒಳ್ಳೆಯ ದಾರಿ, ಬ್ಯಾಕ್‌ಲಾಗ್ ಉಳಿಸಿಕೊಂಡವರಿಗೆ ಕಷ್ಟದ ದಾರಿ.

ಐದು ದಿನಗಳ ಆಯ್ಕೆ

ಯಾವ ಬಾಗಿಲಿನಿಂದ ಬಂದರೂ ಎಲ್ಲರೂ ಹಾಯಬೇಕಾದ ಒಂದು ಹೊಸ್ತಿಲಿದೆ. ಅದು ಸೇವಾ ಆಯ್ಕೆ ಮಂಡಳಿ, ಎಲ್ಲರ ಬಾಯಲ್ಲಿ ಎಸ್‌ಎಸ್‌ಬಿ. ಭೂಸೇನೆಯ ಇಂಥ ಆಯ್ಕೆ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ವಾಯುಪಡೆಯ ಆಯ್ಕೆ ಮಂಡಳಿಯೊಂದು ಮೈಸೂರಿನಲ್ಲಿದೆ. ಯಾವುದಾದರೊಂದು ಪ್ರವೇಶಕ್ಕೆ ಮೊದಲ ಬಾರಿ ಹಾಜರಾಗುವವರಿಗೆ ಹೋಗಿಬರುವ ರೈಲು ವೆಚ್ಚವನ್ನೂ ಕೊಡುತ್ತಾರೆ. ಇಲ್ಲಿ ಅಳೆಯುವುದು ಪುಸ್ತಕದ ಜ್ಞಾನವನ್ನಲ್ಲ. ‘ಅಧಿಕಾರಿಗೆ ತಕ್ಕ ಗುಣಗಳು’ ಎಂದು ಅವರು ಗುರುತಿಸಿಕೊಂಡಿರುವ 15 ಗುಣಗಳನ್ನು ಮೂವರು ಬೇರೆ ಬೇರೆ ಪರೀಕ್ಷಕರು, ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ತಿಳಿಯದಂತೆ, ಮೂರು ಕಡೆಯಿಂದ ನೋಡುತ್ತಾರೆ. ಮನೋವಿಜ್ಞಾನಿ ಬರಹವನ್ನು ನೋಡುತ್ತಾರೆ, ಸಂದರ್ಶಕರು ಮಾತನ್ನು ನೋಡುತ್ತಾರೆ, ಗುಂಪು ಪರೀಕ್ಷಣಾಧಿಕಾರಿ ಮೈದಾನದಲ್ಲಿ ನಡತೆಯನ್ನು ನೋಡುತ್ತಾರೆ. ಮನಸಾ, ವಾಚಾ, ಕರ್ಮಣಾ ಎಂಬ ನಮ್ಮ ಹಳೆಯ ಮಾತನ್ನು ಎಸ್‌ಎಸ್‌ಬಿಯ ವಿವರಣೆಗೆ ಬಳಸುವುದು ಇದಕ್ಕಾಗಿಯೇ. ಮೂರೂ ಒಂದೇ ವ್ಯಕ್ತಿಯನ್ನು ತೋರಿಸಬೇಕು. ಬರಹದಲ್ಲಿ ಧೀರನಾಗಿ, ಮಾತಿನಲ್ಲಿ ಸಂಕೋಚಿಯಾಗಿ, ಮೈದಾನದಲ್ಲಿ ಸ್ವಾರ್ಥಿಯಾಗಿ ಕಾಣುವವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಮೊದಲ ದಿನ ಬುದ್ಧಿಶಕ್ತಿಯ ಪ್ರಶ್ನೆಗಳಿರುತ್ತವೆ. ಆಮೇಲೆ ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡು ತೋರಿಸಿ, ಅದರ ಮೇಲೊಂದು ಕಥೆ ಬರೆಸಿ, ಗುಂಪಿನಲ್ಲಿ ಚರ್ಚಿಸಿ ಒಂದೇ ಕಥೆಗೆ ಬರಲು ಹೇಳುತ್ತಾರೆ. ಬಂದವರಲ್ಲಿ ಬಹಳಷ್ಟು ಮಂದಿ ಅದೇ ದಿನ ಊರಿಗೆ ಮರಳುತ್ತಾರೆ. ಮೀನಿನ ಸಂತೆಯಂತಾಗುವ ಆ ಚರ್ಚೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಬೇಕೆಂದು ಅನೇಕರು ಭಾವಿಸುತ್ತಾರೆ. ಮಲೆನಾಡಿನ ಮಕ್ಕಳು ಬಹುಪಾಲು ತೊಡಕಿಗೆ ಸಿಲುಕುವುದು ಇದಕ್ಕೆ ತದ್ವಿರುದ್ಧವಾದ ಕಡೆಯಲ್ಲಿ: ಹಿರಿಯರ ಮುಂದೆ ತಗ್ಗಿ ಮಾತನಾಡಬೇಕೆಂಬ ಸಂಸ್ಕಾರ ಅಪರಿಚಿತರ ಮುಂದೆ ಬಾಯಿ ಕಟ್ಟುತ್ತದೆ. ಕೂಗಬೇಕಿಲ್ಲ, ಆದರೆ ಕೇಳಿಸಬೇಕು. ಎರಡು ಮೂರು ಸಲ ಸ್ಪಷ್ಟವಾಗಿ, ಇನ್ನೊಬ್ಬರ ಮಾತಿಗೆ ಜೋಡಿಸಿ ಹೇಳಬೇಕು.

ಎರಡನೆಯ ದಿನದ ಮನೋವೈಜ್ಞಾನಿಕ ಪರೀಕ್ಷೆಯಲ್ಲಿ 12 ಚಿತ್ರಗಳಿಗೆ ಕಥೆ ಬರೆಯಬೇಕು, ಪ್ರತಿಯೊಂದಕ್ಕೂ ನಾಲ್ಕು ನಿಮಿಷ. ಕೊನೆಯದು ಚಿತ್ರವೇ ಇಲ್ಲದ ಖಾಲಿ ತೆರೆ. ಆಮೇಲೆ ತೆರೆಯ ಮೇಲೆ 60 ಪದಗಳು ಒಂದಾದ ಮೇಲೊಂದರಂತೆ ಮೂಡುತ್ತವೆ, ಪ್ರತಿ ಪದಕ್ಕೂ 15 ಸೆಕೆಂಡಿನಲ್ಲಿ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. 60 ಸನ್ನಿವೇಶಗಳಿಗೆ 30 ನಿಮಿಷದಲ್ಲಿ ಪ್ರತಿಕ್ರಿಯೆ ಕೊಡಬೇಕು. ಕೊನೆಗೆ ತಂದೆ ತಾಯಿ, ಗುರುಗಳು, ಗೆಳೆಯರು ನಿಮ್ಮ ಬಗ್ಗೆ ಏನು ಹೇಳುತ್ತಾರೆ ಎಂದು ಬರೆಯಬೇಕು. ಕಾಲಾವಕಾಶ ಇಷ್ಟು ಬಿಗಿಯಾಗಿರುವುದು ಬಾಯಿಪಾಠದ ಉತ್ತರಗಳಿಗೆ ಎಡೆಯಿರಬಾರದೆಂದೇ. ಆದ್ದರಿಂದ ಸಾವಿರಾರು ರೂಪಾಯಿ ಕೊಟ್ಟು ಸಿದ್ಧ ಉತ್ತರಗಳನ್ನು ಕಲಿಯುವುದು ವ್ಯರ್ಥವೆಂದೇ ನನ್ನ ದೃಢವಾದ ನಂಬಿಕೆ. ಒಬ್ಬನೇ ತರಬೇತುದಾರನ ಬಳಿ ಕಲಿತ ಇಪ್ಪತ್ತು ಮಂದಿ ಒಂದೇ ವಾಕ್ಯ ಬರೆದರೆ ಮನೋವಿಜ್ಞಾನಿಗೆ ಅದು ಕಾಣದೆ ಇರುವುದಿಲ್ಲ.

ಮೈದಾನದ ಎರಡು ದಿನಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಕಡೆಯ ಮಕ್ಕಳಿಗೆ ಅಲ್ಲಿ ಸಹಜವಾದ ಅನುಕೂಲವಿದೆ, ಆದರೆ ಅದು ಅವರಿಗೇ ತಿಳಿದಿಲ್ಲ. ಗುಂಪು ಚರ್ಚೆ ಮತ್ತು ನಕ್ಷೆಯ ಮೇಲಿನ ಯೋಜನೆಯಾದ ಬಳಿಕ ಗುಂಪಿಗೆ ಹಲಗೆ, ಮರದ ದಿಮ್ಮಿ, ಹಗ್ಗ ಕೊಟ್ಟು, ಒಂದು ಹೊರೆಯನ್ನೂ ಹೊರಿಸಿ, ನೆಲ ಮುಟ್ಟದೆ ಒಂದರ ನಂತರ ಒಂದು ಅಡೆತಡೆ ದಾಟಲು ಹೇಳುತ್ತಾರೆ. ಕೆಂಪು ಬಣ್ಣ ಬಳಿದ ಭಾಗವನ್ನು ಯಾರೂ ಮುಟ್ಟುವಂತಿಲ್ಲ. ನಾಯಕನೆಂದು ಯಾರನ್ನೂ ನೇಮಿಸಿರುವುದಿಲ್ಲ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಕಾಲುಸಂಕ ಕೊಚ್ಚಿಹೋದಾಗ, ಅಡಿಕೆ ಮರದ ದಬ್ಬೆ ಮತ್ತು ಬಳ್ಳಿಗಳಿಂದ ಹೊಸ ಸಂಕ ಕಟ್ಟುವುದನ್ನು ನೋಡಿರುವ, ಕೈಜೋಡಿಸಿರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಯಾವ ಮರ ಎಷ್ಟು ಭಾರ ತಡೆಯುತ್ತದೆ, ಹಗ್ಗವನ್ನು ಎಲ್ಲಿ ಬಿಗಿಯಬೇಕು, ಮೊದಲು ಯಾರು ದಾಟಿದರೆ ಆಚೆಯಿಂದ ಕೈಕೊಡಬಹುದು ಎಂಬ ಪ್ರಶ್ನೆಗಳು ಅವರಿಗೆ ಹೊಸವಲ್ಲ. ಪರೀಕ್ಷಣಾಧಿಕಾರಿ ನೋಡುವುದು ಅಂಥ ಉಪಾಯವನ್ನು ಮಾತ್ರವಲ್ಲ. ಆ ಉಪಾಯವನ್ನು ಉಳಿದವರಿಗೆ ಹೇಗೆ ಒಪ್ಪಿಸುತ್ತೀರಿ, ಇನ್ನೊಬ್ಬರ ಉಪಾಯ ಮೇಲಾಗಿದ್ದರೆ ಅದಕ್ಕೆ ಹೆಗಲು ಕೊಡುತ್ತೀರಾ, ಹಿಂದೆ ಉಳಿದವನನ್ನು ಕರೆದೊಯ್ಯುತ್ತೀರಾ ಎಂಬುದನ್ನು. ಇವಲ್ಲದೆ ಮೂರು ನಿಮಿಷಗಳಲ್ಲಿ ಹತ್ತು ಅಡೆತಡೆಗಳನ್ನು ಒಬ್ಬರೇ ದಾಟುವುದು, ಒಂದು ವಿಷಯದ ಮೇಲೆ ಮೂರು ನಿಮಿಷ ಮಾತನಾಡುವುದು, ತಾವೇ ನಾಯಕರಾಗಿ ಇಬ್ಬರು ಮೂವರನ್ನು ಆರಿಸಿಕೊಂಡು ಒಂದು ಕೆಲಸ ಮಾಡಿಸುವುದೂ ಇವೆ. ಅಗ್ನಿವೀರರ ನೇಮಕಾತಿಯಂಥ ಓಟದ ಸ್ಪರ್ಧೆ ಇಲ್ಲಿಲ್ಲ.

ಸಂದರ್ಶನ ನಡೆಯುವುದು ನೀವೇ ತುಂಬಿಕೊಟ್ಟ ವೈಯಕ್ತಿಕ ವಿವರಗಳ ಹಾಳೆಯ ಮೇಲೆ. ಅದರಲ್ಲಿ ‘ಹವ್ಯಾಸ: ಓದುವುದು, ಸಂಗೀತ ಕೇಳುವುದು’ ಎಂದು ಬರೆದು ಬರುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅಂಥವರಲ್ಲೇ ಒಬ್ಬರು ತಂದೆಗೆ ಹುಷಾರಿಲ್ಲದ ವರ್ಷ ಅಡಿಕೆ ಕೊನೆ ಕೊಯ್ಲಿನ ಆಳುಗಳನ್ನು ಹೊಂದಿಸಿ, ಸುಲಿಯುವ ಹೆಂಗಸರಿಗೆ ರಾತ್ರಿಯ ಊಟದ ವ್ಯವಸ್ಥೆ ಮಾಡಿ, ಮೋಡ ಕವಿದಾಗ ಒಣಗಿಸಿದ ಅಡಿಕೆಯನ್ನು ಹೊತ್ತಿಗೆ ಸರಿಯಾಗಿ ಒಳಗೆ ಸಾಗಿಸಿ, ಮಂಡಿಯ ಲೆಕ್ಕವನ್ನೂ ನೋಡಿಕೊಂಡಿರುತ್ತಾರೆ. ಯೋಜನೆ, ಸಂಘಟನೆ, ಹೊಣೆಗಾರಿಕೆ, ಸಮಯಪ್ರಜ್ಞೆ ಎಂದು ಮಂಡಳಿ ಹುಡುಕುವ ಗುಣಗಳು ಇವೇ ಅಲ್ಲವೇ? ಊರಿನ ಗಣಪತಿ ಉತ್ಸವಕ್ಕೆ ಚಂದಾ ಎತ್ತಿ ಲೆಕ್ಕ ಒಪ್ಪಿಸಿದ್ದು, ಕಬಡ್ಡಿ ತಂಡ ಕಟ್ಟಿದ್ದು, ಹಾಸ್ಟೆಲ್ಲಿನ ಊಟದ ಸಮಿತಿ ನಡೆಸಿದ್ದು, ಎಲ್ಲವೂ ಹೇಳಬೇಕಾದ ಸಂಗತಿಗಳೇ. ‘ಅದೆಲ್ಲ ಮನೆ ಕೆಲಸ, ಅದನ್ನೇನು ಹೇಳುವುದು’ ಎಂಬ ಸಂಕೋಚವನ್ನು ಬಿಡಬೇಕು. ಸುಳ್ಳು ಸೇರಿಸಬಾರದು, ಸಂದರ್ಶಕರು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತ ತಳ ಮುಟ್ಟುವವರೆಗೆ ಬಿಡುವುದಿಲ್ಲ.

ಭಾಷೆಯ ಮಾತು ಇಲ್ಲಿ ಬರುತ್ತದೆ. ಗುಂಪು ಚರ್ಚೆ ಮತ್ತು ಸಂದರ್ಶನ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತವೆ. ಅಲಂಕಾರದ ಇಂಗ್ಲಿಷ್ ಬೇಕಿಲ್ಲ; ಹೇಳಬೇಕಾದದ್ದನ್ನು ತಡವರಿಸದೆ ಹೇಳುವಷ್ಟು ಬೇಕು. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಮೂರು ವರ್ಷ ಸಮಯವಿದೆ. ನಾಲ್ಕೈದು ಗೆಳೆಯರು ವಾರಕ್ಕೆರಡು ಸಂಜೆ ಕೂತು ದಿನಪತ್ರಿಕೆಯ ಒಂದು ವಿಷಯವನ್ನು ಇಂಗ್ಲಿಷಿನಲ್ಲಿ ಚರ್ಚಿಸಿದರೆ ದುಬಾರಿ ತರಗತಿಗಳಿಗಿಂತ ಹೆಚ್ಚಿನ ಫಲ ಸಿಗುತ್ತದೆ.

ಐದನೆಯ ದಿನ ಮೂವರು ಪರೀಕ್ಷಕರೂ ಮಂಡಳಿಯ ಅಧ್ಯಕ್ಷರೂ ಒಟ್ಟಿಗೆ ಕುಳಿತು ಪ್ರತಿಯೊಬ್ಬರನ್ನೂ ಕೆಲವು ನಿಮಿಷ ಕರೆಸಿ ಮಾತನಾಡುತ್ತಾರೆ. ಅದಾದ ಮೇಲೆ ಶಿಫಾರಸು ಪಡೆದವರ ಸಂಖ್ಯೆಗಳನ್ನು ಓದುತ್ತಾರೆ. ಶಿಫಾರಸು ಎಂದರೆ ಸೇರ್ಪಡೆಯಲ್ಲ. ವೈದ್ಯಕೀಯ ಪರೀಕ್ಷೆ, ಅರ್ಹತಾ ಪಟ್ಟಿ ಇನ್ನೂ ಬಾಕಿ ಇರುತ್ತವೆ.

ದೇಹ, ತರಬೇತಿ, ಸೇವೆ

ವೈದ್ಯಕೀಯ ಪರೀಕ್ಷೆಯಲ್ಲಿ ದೃಷ್ಟಿ, ಬಣ್ಣಗಳನ್ನು ಗುರುತಿಸುವ ಶಕ್ತಿ, ಕಿವಿ, ಹಲ್ಲು, ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮಂಡಿ ಎಲ್ಲವನ್ನೂ ನೋಡುತ್ತಾರೆ. ಹಚ್ಚೆ ಹಾಕಿಸಿಕೊಳ್ಳುವ ಮೊದಲು ನಿಯಮ ಓದಿಕೊಳ್ಳುವುದು ಲೇಸು. ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗವನ್ನು ಬಿಟ್ಟು ಬೇರೆಡೆ ಶಾಶ್ವತ ಹಚ್ಚೆಗೆ ಸಾಮಾನ್ಯವಾಗಿ ಒಪ್ಪಿಗೆಯಿಲ್ಲ. ಪದವಿಯ ಮೊದಲ ವರ್ಷದಲ್ಲೇ ಒಳ್ಳೆಯ ವೈದ್ಯರ ಬಳಿ ಕಣ್ಣು, ಕಿವಿ, ಹಲ್ಲು ತೋರಿಸಿಕೊಂಡರೆ ಸರಿಪಡಿಸಬಹುದಾದ್ದನ್ನು ಸರಿಪಡಿಸಲು ಸಮಯ ಸಿಗುತ್ತದೆ. ಮೊದಲ ಪರೀಕ್ಷೆಯಲ್ಲಿ ಅನರ್ಹರೆಂದು ಹೇಳಿದರೂ ಮೇಲ್ಮನವಿಗೆ ಅವಕಾಶವಿದೆ.

ಅಕಾಡೆಮಿಗೆ ಹೋಗುವ ಮುನ್ನ ಪುರುಷ ಅಭ್ಯರ್ಥಿಗಳು 2.4 ಕಿಲೋಮೀಟರ್ ದೂರವನ್ನು ಹತ್ತೂವರೆ ನಿಮಿಷದಲ್ಲಿ ಓಡುವಂತಿರಬೇಕು, 40 ದಂಡ, 6 ಪುಲ್‌ಅಪ್ ಹೊಡೆಯುವಂತಿರಬೇಕು, ಈಜಿನ ಮೂಲಪಾಠ ಬಲ್ಲವರಾಗಿರಬೇಕು ಎಂದು ಅಧಿಸೂಚನೆಗಳು ಹೇಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಯಲಲ್ಲಿ ಓಡುವುದು ಕಷ್ಟ. ಆಗುಂಬೆಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಯ ನಾಲ್ಕು ತಿಂಗಳು ಜಗಲಿಯಲ್ಲೇ ದಂಡ, ಬಸ್ಕಿ, ಪುಲ್‌ಅಪ್ ಮಾಡಿ ತೋಳು ಮತ್ತು ಬೆನ್ನನ್ನು ಗಟ್ಟಿ ಮಾಡಿಕೊಂಡು, ಮಳೆ ಬಿಟ್ಟ ಮೇಲೆ ಓಟಕ್ಕೆ ಹೊರಡುವುದು ಬುದ್ಧಿವಂತಿಕೆ. ಈಜನ್ನು ತುಂಬಿ ಹರಿಯುವ ತುಂಗೆಯಲ್ಲಿ ಕಲಿಯಹೋಗಬಾರದು. ಬೇಸಿಗೆಯಲ್ಲಿ, ಬಲ್ಲವರ ಜೊತೆ, ಈಜುಕೊಳದಲ್ಲಿ ಕಲಿಯಬೇಕು.

ಎನ್‌ಸಿಸಿ ವಿಶೇಷ ಪ್ರವೇಶದವರಿಗೆ ಚೆನ್ನೈ ಅಕಾಡೆಮಿಯಲ್ಲಿ 49 ವಾರಗಳ ತರಬೇತಿ ನಡೆಯುತ್ತದೆ. ಅದನ್ನು ಮುಗಿಸಿದವರಿಗೆ ಮದ್ರಾಸ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಡಿಪ್ಲೊಮಾ ಕೂಡ ದೊರೆಯುತ್ತದೆ. ತರಬೇತಿಯ ಅವಧಿಯಲ್ಲಿ ತಿಂಗಳಿಗೆ 56,100 ರೂಪಾಯಿ ಶಿಷ್ಯವೇತನ ಕೊಡುತ್ತಾರೆ, ಕಮಿಷನ್ ಪಡೆದ ಮೇಲೆ ಲೆಫ್ಟಿನೆಂಟ್‌ನ ಮೂಲವೇತನವೂ ಅಲ್ಲಿಂದಲೇ ಶುರುವಾಗುತ್ತದೆ. ಅದರ ಮೇಲೆ ಸೇನಾ ಸೇವಾ ವೇತನ 15,500 ರೂಪಾಯಿ ಮತ್ತು ಇತರ ಭತ್ಯೆಗಳು ಸೇರುತ್ತವೆ. ತರಬೇತಿಗೆ ಶುಲ್ಕವಿಲ್ಲ. ಆದರೆ ತಮ್ಮದೇ ಇಚ್ಛೆಯಿಂದ ನಡುವೆ ಬಿಟ್ಟು ಬಂದರೆ ತರಬೇತಿಯ ವೆಚ್ಚ ಮರಳಿಸಬೇಕಾಗುತ್ತದೆ. ತರಬೇತಿಯ ಅವಧಿಯಲ್ಲಿ ಮದುವೆಯಾಗುವಂತಿಲ್ಲ. ಮಗಳಿಗೆ ಸಂಬಂಧ ನೋಡುತ್ತಿರುವ ಮನೆಗಳು ಈ ಎರಡನೆಯ ಮಾತನ್ನು ಮೊದಲೇ ತಿಳಿದಿರಬೇಕು.

ಚೆನ್ನೈನಿಂದ ಹೊರಬರುವವರಿಗೆ ಸಿಗುವುದು ಅಲ್ಪಾವಧಿ ಕಮಿಷನ್. ಅದರ ಅವಧಿ ಹತ್ತು ವರ್ಷ, ನಾಲ್ಕು ವರ್ಷ ವಿಸ್ತರಿಸಬಹುದು. ಹತ್ತನೆಯ ವರ್ಷದಲ್ಲಿ ಕಾಯಂ ಕಮಿಷನ್ ಕೋರಬಹುದು, ಅರ್ಹತೆ ನೋಡಿ ಕೊಡುತ್ತಾರೆ. ಡೆಹ್ರಾಡೂನ್ ಅಕಾಡೆಮಿಯಿಂದ ಬರುವವರಿಗೆ ಮೊದಲಿನಿಂದಲೇ ಕಾಯಂ ಕಮಿಷನ್. ಮಹಿಳಾ ಅಧಿಕಾರಿಗಳಿಗೂ ಕಾಯಂ ಕಮಿಷನ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ಪಿಯುಸಿಯ ನಂತರವೇ ಸೇರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಲ್ಲಿ ಸೇರಿದ ಮೊದಲ ಮಹಿಳಾ ತಂಡದ 17 ಮಂದಿ 2025ರ ಮೇನಲ್ಲಿ ಅಲ್ಲಿಂದ ತೇರ್ಗಡೆಯಾಗಿ ಹೊರಬಂದರು. ‘ಹುಡುಗಿಯರಿಗೆ ಸೇನೆಯಲ್ಲಿ ಮುಂದೇನಿದೆ’ ಎಂದು ಕೇಳುವ ಕಾಲ ಹೀಗೆ ಹಿಂದೆ ಸರಿದಿದೆ.

ಕಾಗದಪತ್ರಗಳು

ಎಲ್ಲ ಗೆದ್ದು ಕಾಗದದಲ್ಲಿ ಸೋಲುವುದು ಅತ್ಯಂತ ನೋವಿನ ಸಂಗತಿ, ಹಾಗಾಗುವುದೂ ಉಂಟು. ಜನ್ಮದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ದಾಖಲೆಯೇ ಪ್ರಮಾಣ. ನಮ್ಮಲ್ಲಿ ಹೆಸರಿನ ಮುಂದಿರುವ ಇನಿಷಿಯಲ್ ಒಂದು ದಾಖಲೆಯಲ್ಲಿ ಊರಿನ ಹೆಸರಾಗಿ, ಇನ್ನೊಂದರಲ್ಲಿ ತಂದೆಯ ಹೆಸರಾಗಿ, ಮೂರನೆಯದರಲ್ಲಿ ಬರೀ ಒಂದು ಅಕ್ಷರವಾಗಿ ಉಳಿದಿರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪದವಿಯ ನೋಂದಣಿ, ಎನ್‌ಸಿಸಿ ಭರ್ತಿ ಅರ್ಜಿ ನಾಲ್ಕರಲ್ಲೂ ಹೆಸರು, ತಂದೆ ತಾಯಿಯ ಹೆಸರು ಅಕ್ಷರಶಃ ಒಂದೇ ಇರುವಂತೆ ಮೊದಲ ವರ್ಷದಲ್ಲೇ ಸರಿಪಡಿಸಿಕೊಳ್ಳಬೇಕು. ಕೊನೆಯ ವರ್ಷದಲ್ಲಿ ಕರೆಪತ್ರ ಬಂದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವಷ್ಟು ಸಮಯವಿರುವುದಿಲ್ಲ. ಅಂತಿಮ ವರ್ಷದ ಫಲಿತಾಂಶ ತಡವಾಗಿ, ಪದವಿಯ ಪುರಾವೆಯನ್ನು ಗಡುವಿನೊಳಗೆ ಕೊಡಲಾಗದಿದ್ದರೆ ಆ ಬಾರಿಯ ಅವಕಾಶ ಕೈತಪ್ಪುತ್ತದೆ. ಅಂತಿಮ ವರ್ಷದಲ್ಲಿ ಅರ್ಜಿ ಹಾಕುವವರು ಆ ದಿನಾಂಕವನ್ನು ಮೊದಲೇ ಬರೆದಿಟ್ಟುಕೊಂಡು, ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನು ಎಲ್ಲಿ, ಹೇಗೆ ಪಡೆಯಬೇಕೆಂದು ವಿಚಾರಿಸಿಕೊಂಡಿರಬೇಕು.

ಎನ್‌ಸಿಸಿ ಭರ್ತಿಯ ದಿನ ಬೇಕಾಗುವುದು ಇಷ್ಟೇ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರಗಳು, ಓಡಲು ಒಂದು ಜೊತೆ ಕ್ಯಾನ್ವಾಸ್ ಬೂಟು. ಕಾಲೇಜಿನ ಸೂಚನಾ ಫಲಕದಲ್ಲಿ ಆ ದಿನಾಂಕ ಬಿದ್ದಿದೆಯೇ ಎಂದು ಪ್ರವೇಶ ಪಡೆದ ವಾರದಿಂದಲೇ ದಿನವೂ ನೋಡುತ್ತಿರಬೇಕು.